ರಾವಸಾಹೇಬನ ಬನೀನು

ಮಂಗಸೂಳಿಯ ರಾವಸಾಹೇಬನ ಮನೆಯಲ್ಲಿ ಬಟ್ಟೆ ಕಳಚುವ ಪದ್ಧತಿ ಇರಲಿಲ್ಲ. ಇದ್ದದ್ದು ಬದಲಿ ಮಾಡುವ ಪದ್ಧತಿ. ಗಂಡ ದ್ರಾಕ್ಷಿ ತೋಟದಿಂದ ಬಂದರೆ ಗೌರಾಬಾಯಿ “ಬದಲಿ ಮಾಡ್ರಿ, ಚಾ ಇಡ್ತೇನಿ” ಎನ್ನುತ್ತಿದ್ದಳು. ತಾನು ಮದುವೆಗೆ ಹೊರಡುವುದಿದ್ದರೆ “ಬದಲಿ ಮಾಡೂದೈತಿ, ಚೂರು ಹೊರಗ ಕುಂಡರ್ರಿ” ಎನ್ನುತ್ತಿದ್ದಳು. ಮನುಷ್ಯ ಹೊಲಸು ಅಂಗಿಯಿಂದ ತೊಳೆದ ಅಂಗಿಗೆ ನೇರವಾಗಿ ದಾಟಿಕೊಳ್ಳುತ್ತಾನೆ, ನಡುವೆ ಮೈ ಎಂಬುದೊಂದು ಬರುವುದೇ ಇಲ್ಲ ಎಂಬುದು ಆ ಮನೆಯ ತಿಳುವಳಿಕೆ. ಈ ತಿಳುವಳಿಕೆಯ ಮೇಲೆಯೇ ಅವರ ಸಂಸಾರ ನಡೆದು, ಮಗ ವಿಶಾಲ ಹುಟ್ಟಿ, ಬೆಳೆದು, ಮದುವೆಯೂ ಆದ. ಹೇಗೆ ಹುಟ್ಟಿದ ಎಂದು ಯಾರಾದರೂ ಕೇಳಿದ್ದರೆ ಗಂಡ ಹೆಂಡತಿ ಇಬ್ಬರೂ ಮಲ್ಲಯ್ಯನ ಗುಡಿಯ ಕಡೆ ಕೈ ತೋರಿಸುತ್ತಿದ್ದರು.

ನಾಚಿಕೆ ಬಹಳ ಇದ್ದ ಹೆಂಗಸು ಎಂದು ಗೌರಾಬಾಯಿಯನ್ನು ತಿಳಿಯಬೇಡಿ. ಕಾಗವಾಡದ ರಸ್ತೆಯಲ್ಲಿ ದಿಗಂಬರ ಮುನಿಗಳು ನಡೆದು ಬಂದರೆ ಅವಳು ತಲೆಯ ಮೇಲೆ ಸೆರಗು ಹೊದ್ದು, ಬಗ್ಗಿ ಕೈಮುಗಿಯುತ್ತಿದ್ದಳು. “ಮೈ ಗೆದ್ದವರ ಮುಂದ ಎಂಥಾ ನಾಚಿಕಿ” ಎಂದು ಉಳಿದ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದಳು. ಮೈ ಗೆಲ್ಲದೆ ಮನೆಯಲ್ಲಿ ಉಳಿದ ಗಂಡನ ಭುಜ ಕಂಡರೆ ಮಾತ್ರ ಒಲೆಯ ಕಡೆ ತಿರುಗಿ ಉರಿಯುತ್ತಿದ್ದ ಬೆಂಕಿಗೆ ಮತ್ತೊಂದು ಕಟ್ಟಿಗೆ ತುರುಕುತ್ತಿದ್ದಳು.

ಮಗ ಸೊಸೆ ನಿಪ್ಪಾಣಿಯಲ್ಲಿದ್ದರು. ವಿಶಾಲ ಅಲ್ಲಿ ಕಾಲೇಜಿನ ಮಾಸ್ತರ. ಒಮ್ಮೆ ಗೌರಾಬಾಯಿ ಫೋನ್ ಮಾಡಿದಾಗ ಸೊಸೆ ದಾನೇಶ್ವರಿ, “ಅತ್ತಿ, ಈಗ ಜಳಕಾ ಮಾಡಿ ಬಂದೇನ್ರಿ, ಮೈಮ್ಯಾಲ ಬರೀ ಟಾವೆಲ್ ಐತಿ. ಅರಬಿ ಹಾಕ್ಕೊಂಡ ಫೋನ್ ಮಾಡ್ಲೇನ್ರಿ?” ಎಂದಳು. ಹಿಂದಿನಿಂದ ವಿಶಾಲನ ದನಿಯೂ ಕೇಳಿತು. “ದಾನೂ, ನನ್ನ ಚಡ್ಡಿ ಎಲ್ಲಿಟ್ಟಿ? ಹಂಗ ನಿಂತೇನಿಲ್ಲಿ.” ಗೌರಾಬಾಯಿ ಫೋನನ್ನು ಬೋರಲು ಹಾಕಿ, ಮೇಲೆ ಒಂದು ಕರವಸ್ತ್ರ ಮುಚ್ಚಿದಳು. ಮಾಸ್ತರಕಿ ಮಾಡುವವನು ಹೀಗೆ ಮಾತನಾಡಿದರೆ ಹುಡುಗರು ಏನು ಕಲಿಯುತ್ತಾರೆ ಎಂದು ಇಡೀ ದಿನ ಗೊಣಗಿದಳು. ಚಡ್ಡಿ ಸಿಕ್ಕಿತೋ ಇಲ್ಲವೋ ಎಂಬುದನ್ನು ಮಾತ್ರ ಕೇಳಲಿಲ್ಲ.

ಇಂಥ ಮನೆಯ ಯಜಮಾನನಿಗೆ ಬರಬಾರದ ಜಾಗದಲ್ಲಿ ಬರಬಾರದ ರೋಗ ಬಂತು.

ದ್ರಾಕ್ಷಿ ಕಟಾವಿನ ಹೊತ್ತಿನಲ್ಲಿ ರಾವಸಾಹೇಬ ತನ್ನ ಬನೀನಿನ ಎಡಗಡೆ ಒಂದು ಕಂದು ಕಲೆ ನೋಡಿದ. ಯಾವುದೋ ಹುಳ ಕಡಿದಿರಬೇಕೆಂದು ಅರಿಸಿನ ಹಚ್ಚಿದ. ಮರುದಿನವೂ ಕಲೆ ಬಂತು. ಬೆರಳಿಟ್ಟು ನೋಡಿದರೆ ಒಳಗೆ ಅಡಿಕೆಯಷ್ಟು ಗಂಟು, ಒತ್ತಿದರೂ ನೋವಿಲ್ಲ. ನೋವಿಲ್ಲದ್ದು ಒಳ್ಳೆಯದೇ ಎಂದುಕೊಂಡು ದ್ರಾಕ್ಷಿ ಪೆಟ್ಟಿಗೆ ಲಾರಿಗೆ ಹೇರಿಸಿದ. ಅಂದಿನಿಂದ ಬನೀನು ತೆಗೆಯುವುದನ್ನು ಬಿಟ್ಟ. ಮಲಗುವಾಗಲೂ ಬನೀನು, ಜಳಕಕ್ಕೂ ಬನೀನು. ಕೊನೆಗೆ ಅದನ್ನು ತಾನೇ ಒಗೆಯತೊಡಗಿದ. ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಹಿಂಡದ ಮನುಷ್ಯ ಹಿತ್ತಲ ಕಲ್ಲಿನ ಮೇಲೆ ಬನೀನು ಕುಕ್ಕುವುದನ್ನು ಕಂಡು ಗೌರಾಬಾಯಿಗೆ ಎದೆ ಧಸಕ್ಕೆಂದಿತು. ಆದರೂ ಏನನ್ನೂ ಕೇಳಲಿಲ್ಲ. ಬನೀನಿನ ವಿಷಯ ಕೇಳಿದರೆ ಅದರೊಳಗಿನ ವಿಷಯವೂ ಬಂದಂತಲ್ಲವೆ?

ನಮ್ಮ ಕಡೆ ದೊಡ್ಡ ರೋಗಕ್ಕೆಲ್ಲ ಗಡಿಯಾಚೆಯ ಮೀರಜ ಪಟ್ಟಣ. ರಾವಸಾಹೇಬ ಒಬ್ಬನೇ ಬಸ್ ಹತ್ತಿ ಅಲ್ಲಿಯ ಒಂದು ದವಾಖಾನೆಗೆ ಹೋದ. ಮುಂದೆ ಕುಳಿತ ಹುಡುಗಿ ಅವನ ತೊಂದರೆ ಕೇಳಿ ಚೀಟಿ ಬರೆದು ಒಂದು ಕೋಣೆ ತೋರಿಸಿದಳು. ಆ ಕೋಣೆಯ ಮುಂದಿನ ಬೆಂಚಿನ ತುಂಬ ಹೆಂಗಸರು. ನಡುವೆ ಬಿಳಿ ಟೋಪಿ, ಧೋತರ, ತಿರುವಿದ ಮೀಸೆಯ ರಾವಸಾಹೇಬ. ಪಕ್ಕದ ಮುದುಕಿ ಕರುಣೆಯಿಂದ ಅವನತ್ತ ಬಾಗಿ, “ಪೇಶಂಟ ಕುಠಾಯ?” ಎಂದು ಮರಾಠಿಯಲ್ಲಿ ಕೇಳಿದಳು. ರೋಗಿ ಎಲ್ಲಿ ಎಂಬ ಆ ಪ್ರಶ್ನೆಗೆ ಅವನು ಬಾಗಿಲ ಕಡೆ ನೋಡಿ “ಯೇತೀಯ” ಎಂದ. ಬರ್ತಾಳೆ. ಅವನ ಹೆಸರು ಕೂಗುವವರೆಗೂ ಆ ಮುದುಕಿ ಬಾರದ ಹೆಂಡತಿಗಾಗಿ ಬಾಗಿಲು ಕಾದಳು. ಕೂಗಿದಾಗ ಎದ್ದವನು ಇವನೇ ಎಂದು ತಿಳಿದು ಬಾಯಿಗೆ ಸೆರಗು ಹಿಡಿದಳು.

ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದರು. ಅವರೂ ಮರಾಠಿಯಲ್ಲೇ, “ಪುರುಷಾಂನಾ ಸುದ್ಧಾ ಹೋತೋ, ಕಾಕಾ” ಎಂದರು. ಗಂಡಸರಿಗೂ ಆಗುತ್ತದೆ ಎಂದರೆ ಆ ಡಾಕ್ಟರಿಗೆ ಅದು ಸಮಾಧಾನದ ಮಾತು. ರಾವಸಾಹೇಬನಿಗೆ ಮಾತ್ರ ಭೂಮಿ ಬಾಯಿಬಿಟ್ಟಿತು. ಸಕ್ಕರೆ ಕಾರ್ಖಾನೆಯ ಸಭೆಯಲ್ಲಿ ಎದ್ದು ನಿಂತು ಎದೆ ತಟ್ಟಿ ಕಬ್ಬಿನ ದರ ಕೇಳಿದ ಮನುಷ್ಯ ಅವನು. ಈಗ ಅದೇ ಎದೆಗೆ ಹೆಂಗಸರ ರೋಗ ಬಂದರೆ ಯಾವ ಮುಖ ಇಟ್ಟುಕೊಂಡು ತಟ್ಟಬೇಕು? ಸಾವಿನ ಹೆದರಿಕೆಗಿಂತ ಆ ಬೆಂಚಿನ ಹೆದರಿಕೆಯೇ ಅವನಿಗೆ ಹೆಚ್ಚಾಯಿತು. ಗಂಡಸರ ಈ ಮರ್ಯಾದೆಯ ವಿಷಯ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಈ ಕಥೆಯಲ್ಲಿ ಬೈಯುವ ಕೆಲಸ ಗೌರಾಬಾಯಿಯದು, ನನ್ನದಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಅವನಿಗೆ ಒಂದು ನೆವ ಬೇಕಾಯಿತು. ಬಜಾರಕ್ಕೆ ಹೋಗಿದ್ದೆ ಎಂದರೆ ಏನು ತಂದಿರಿ ಎಂದು ಕೇಳುತ್ತಾಳೆ. ಬ್ಯಾಂಕು ಎಂದರೆ ಪಾಸ್‌ಬುಕ್ ಮನೆಯಲ್ಲೇ ಇದೆ. ಮದುವೆ ಎಂದರೆ ನನ್ನನ್ನೇಕೆ ಬಿಟ್ಟು ಹೋದಿರಿ ಎಂಬ ಜಗಳ. ಯಾರೂ ಜೊತೆಗೆ ಬರುತ್ತೇನೆ ಎನ್ನದ, ಏನೂ ತಾ ಎನ್ನದ, ಜೋತುಬಿದ್ದ ಮುಖದಿಂದ ಮರಳಿದರೂ ಯಾರೂ ಕಾರಣ ಕೇಳದ ಕೆಲಸ ಲೋಕದಲ್ಲಿ ಒಂದೇ ಒಂದು. ಮಣ್ಣಿಗೆ ಹೋಗುವುದು. ಯಾರೋ ಸತ್ತರು, ಮಣ್ಣು ಕೊಟ್ಟು ಬಂದೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಮನೆಯ ಮುಂದೆ ಬಂದು, “ಜತ್ತದ ಕಡೆ ನಮ್ಮ ಹಳೇ ಗೆಳ್ಯಾ ಒಬ್ಬ ಹ್ವಾದ. ಮಣ್ಣಿಗಿ ಹೋಗಿದ್ದೆ” ಎಂದು ಹೊಸ್ತಿಲ ಮೇಲೆ ಕಾಲಿಡಲು ಹೋದ.

“ನಿಂದರ್ರಿ ಅಲ್ಲೇ!” ಎಂದಳು ಗೌರಾಬಾಯಿ. “ಮಣ್ಣಿಗಿ ಹೋಗಿ ಬಂದು ಹಂಗ ಒಳಗ ಬರ್ತೀರೇನು? ಹಿತ್ತಲಕ್ಕ ನಡೀರಿ. ನೀರ ತರ್ತೇನಿ.”

ಜಾಣನಿಗೆ ಆಗ ಹೊಳೆಯಿತು. ಮಣ್ಣಿಗೆ ಹೋಗಿ ಬಂದವನು ಮೈಮೇಲಿನ ಅರಿವೆಯಿಂದ ಮನೆಯೊಳಗೆ ಕಾಲಿಡುವಂತಿಲ್ಲ. ಹಿತ್ತಲಲ್ಲಿ ನಿಂತು ಉಟ್ಟದ್ದನ್ನೆಲ್ಲ ತೆಗೆದು ನೆನೆಹಾಕಿ, ತಲೆಯ ಮೇಲೆ ನೀರು ಸುರುವಿಸಿಕೊಂಡೇ ಒಳಗೆ ಬರಬೇಕು. ಮೈ ಮುಚ್ಚಿಡಲು ಲೋಕದಲ್ಲಿ ಸಾವಿರ ಸುಳ್ಳುಗಳಿದ್ದವು. ಅವನು ಮಾತ್ರ ಹಾಡಹಗಲು ಹೆಂಡತಿಯ ಮುಂದೆ ಮೈ ಬಿಚ್ಚಿಸುವ ಒಂದೇ ಒಂದು ಸುಳ್ಳನ್ನು ಆರಿಸಿಕೊಂಡಿದ್ದ.

ಅವನನ್ನು ಕಾಪಾಡಿದ್ದು ಹೆಂಡತಿಯ ಮರ್ಯಾದೆ. ಗೌರಾಬಾಯಿ ಬಕೆಟ್ಟಿನಲ್ಲಿ ನೀರು ತಂದಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತು, ಬೆನ್ನ ಹಿಂದಕ್ಕೆ ತಂಬಿಗೆ ಬೀಸಿ ನೀರು ಸುರುವಿದಳು. ಅರ್ಧ ನೀರು ಕರಿಬೇವಿನ ಗಿಡಕ್ಕೆ ಬಿತ್ತು. ಉಳಿದರ್ಧದಲ್ಲಿ ಗಂಡ ಶುದ್ಧನಾದ. ಅವನು ಬನೀನು ತೆಗೆಯಲೇ ಇಲ್ಲ ಎಂಬುದು ಅವಳಿಗೆ ಕಾಣಲಿಲ್ಲ. “ಆತೇನ್ರಿ ಬದಲಿ?” ಎಂದು ಕೇಳಿದಳು. “ಆತು” ಎಂದ. ಅವನಿಗೆ ನೆಗಡಿಯಾಯಿತು.

ನೆವ ಒಮ್ಮೆ ನಡೆಯಿತೆಂದರೆ ಮನುಷ್ಯ ಅದನ್ನು ಬಿಡುವುದಿಲ್ಲ. ಡಾಕ್ಟರು ಗಂಟಿನ ಚೂರು ತೆಗೆಯಲು ಕರೆದ ದಿನ ಸಾಂಗ್ಲಿಯಲ್ಲಿ ಒಬ್ಬ ವ್ಯಾಪಾರಿ ಸತ್ತ. ಈ ಸಲ ಎದೆಗೆ ಪಟ್ಟಿ ಕಟ್ಟಿದ್ದರು. ನೀರು ತಾಕಬಾರದು ಎಂದು ಹೇಳಿ ಕಳಿಸಿದ್ದರು. ಹಿತ್ತಲಲ್ಲಿ ಗೌರಾಬಾಯಿ ಬೆನ್ನು ತಿರುಗಿಸಿ ಬೀಸಿದ ಒಂದೊಂದು ತಂಬಿಗೆಗೂ ಅವನು ಅತ್ತಿತ್ತ ಜಿಗಿದು ತಪ್ಪಿಸಿಕೊಂಡ. ಆದರೂ ಪಟ್ಟಿ ನೆನೆದು ಗಾಯ ಹಸಿಯಾಗಿಯೇ ಉಳಿಯಿತು.

ಮೂರನೆಯ ಸಲ ಹೋದಾಗ ಡಾಕ್ಟರು ಬಾಗಿಲು ಮುಂದೆ ಮಾಡಿ, ಕುಳ್ಳಿರಿಸಿ ಹೇಳಿದರು. ಅದು ಕ್ಯಾನ್ಸರು. ಇನ್ನೂ ಹೊತ್ತು ಮೀರಿಲ್ಲ, ಬೇಗ ಕೊಯ್ದು ತೆಗೆದರೆ ಉಳಿಯುತ್ತೀರಿ. ತಡಮಾಡಿದರೆ ನಮ್ಮ ಕೈಯಲ್ಲಿಲ್ಲ. ಆಪರೇಷನ್ನಿಗೆ ಹೆಂಡತಿಯನ್ನು ಕರೆದುಕೊಂಡು ಬನ್ನಿ, ಆಮೇಲೆ ದಿನಾಲೂ ಪಟ್ಟಿ ಬದಲಾಯಿಸುವವರು ಅವರೇ, ಅವರಿಗೆ ಎಲ್ಲ ತೋರಿಸಿ ಹೇಳಬೇಕು. ರಾವಸಾಹೇಬ ಎಲ್ಲಕ್ಕೂ ಹೂಂ ಎಂದ. ಎಲ್ಲ ತೋರಿಸಿ ಎಂಬಲ್ಲಿ ಮಾತ್ರ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ.

ಅಂದು ಸತ್ತವನು ರಾಯಬಾಗದ ಕಾಮಣ್ಣ. ಹೆಸರು ಹುಡುಕಿ ಹುಡುಕಿ ಸಾಕಾಗಿ, ಬಸ್ಸಿನ ಕಿಟಕಿಯಲ್ಲಿ ರಾಯಬಾಗದ ಬೋರ್ಡು ಕಂಡಾಗ ನೆನಪಾದ ಗೆಳೆಯನನ್ನೇ ಕೊಂದುಬಿಟ್ಟಿದ್ದ. ಕಾಮಣ್ಣ ಒಣದ್ರಾಕ್ಷಿಯ ದಲಾಲಿ. ಅವನೂ ಅವನ ಹೆಂಡತಿ ಸುಂದರಾಳೂ ವಿಶಾಲನ ಮದುವೆಗೆ ಬಂದು ಊಟ ಮಾಡಿ ಹೋದವರು.

ಹೇಳಬೇಕೆಂದು ರಾವಸಾಹೇಬ ಪ್ರಯತ್ನಪಡಲಿಲ್ಲ ಎಂದಲ್ಲ. ಮರುದಿನ ಊಟಕ್ಕೆ ಕುಳಿತಾಗ ಗಂಟಲು ಸರಿಮಾಡಿಕೊಂಡು, “ಏ ಕೇಳಬೇ. ನನ್ನ ಎದ್ಯಾಗ…” ಎಂದ.

“ಉರಿ ಆತೇನ್ರಿ? ಎಷ್ಟ ಹೇಳಿದ್ರೂ ರಂಜಕಾ ಬಿಡಂಗಿಲ್ಲ ನೀವು” ಎಂದು ಗೌರಾಬಾಯಿ ಅವನ ತಾಟಿನಿಂದ ಖಾರದ ಚಟ್ನಿ ಎತ್ತಿಕೊಂಡು ಮಜ್ಜಿಗೆ ಸುರಿದಳು.

ಸಂಜೆ ಇನ್ನೊಂದು ದಾರಿಯಿಂದ ಬಂದ. “ಹೆಣ್ಣಮಕ್ಕಳಿಗಿ ಬರೂದು ಒಮ್ಮೊಮ್ಮೆ ಗಂಡಸರಿಗೂ ಬರತೈತಂತ ನೋಡು.”

“ಏನ, ಬುದ್ಧಿಯೇನ್ರಿ?” ಎಂದಳು ಅವಳು.

ಮಗನಿಗೆ ಫೋನ್ ಮಾಡಲು ಕೈಗೆತ್ತಿಕೊಂಡು ಇಟ್ಟ. ಮೈಯ ಮಾತು ಮಗನಿಗೆ ಹೇಳುವುದು ಇನ್ನೂ ಕಷ್ಟ. ಹೀಗೆ ಡಾಕ್ಟರು ಕೊಟ್ಟ ದಿನ ಹತ್ತಿರ ಬಂತು. ರಾವಸಾಹೇಬ ಒಬ್ಬನೇ ತೋಟದಲ್ಲಿ ಕುಳಿತು ಗಂಟನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅದು ಬೆಳೆಯುತ್ತಿತ್ತು.

ಇತ್ತ ಗೌರಾಬಾಯಿಯ ತಲೆಯಲ್ಲಿ ಬೇರೊಂದು ಬೆಳೆಯುತ್ತಿತ್ತು. ಅದನ್ನು ಬಿತ್ತಿದವಳು ಪಕ್ಕದ ಮನೆಯ ರುಕ್ಮವ್ವ. ಸುತ್ತಲಿನ ಯಾವ ಊರಲ್ಲಿ ಯಾರು ಸತ್ತರೂ ರುಕ್ಮವ್ವನಿಗೆ ತಿಳಿಯದೆ ಹೋಗುತ್ತಿರಲಿಲ್ಲ. ಹಿತ್ತಲ ಗೋಡೆಯ ಮೇಲೆ ಗದ್ದವಿಟ್ಟು ಅವಳು ಕೇಳಿದಳು: “ನಿಮ್ಮವರು ಬಾಳ ಮಣ್ಣಿಗಿ ಹೊಂಟಾರಲ್ಲಬೇ. ನನಗ ಗೊತ್ತಿಲ್ದ ಯಾರ ಸಾಯಾಕತ್ತಾರ ಅಷ್ಟ ಮಂದಿ?”

“ಗೆಳ್ಯಾರು. ವಯಸ್ಸಾದವರು” ಎಂದಳು ಗೌರಾಬಾಯಿ.

“ಬನೀನ ತಾವ ಒಗಿಯಾಕತ್ತಾರ ಮತ್ತ. ನಮ್ಮಾಂವನೂ ಹಿಂಗ ಚಾಲೂ ಮಾಡಿದ್ದ. ಬನೀನಕ್ಕ ಯಾರದೋ ಪೌಡರ್ ವಾಸನಿ ಬರತೈತಿ ಅಂತ ತಾನ ಒಗಿತಿದ್ದ. ಆಮ್ಯಾಲ ನೋಡಿದ್ರ ಸಾಂಗ್ಲ್ಯಾಗ ಒಬ್ಬಾಕೀನ ಇಟ್ಟಿದ್ದ.”

ಗೌರಾಬಾಯಿ ನಕ್ಕುಬಿಟ್ಟಳು. ಒಳಗೆ ಬಂದು ಹಗ್ಗದ ಮೇಲಿನ ಬನೀನು ಮೂಸಿ ನೋಡಿದಳು. ಪೌಡರ್ ವಾಸನೆ ಇರಲಿಲ್ಲ. ಯಾವುದೋ ಔಷಧದ ಘಾಟು ಇತ್ತು. ಪಟ್ಟಣದ ಹೆಂಗಸರು ಇನ್ನೇನೇನು ಹಚ್ಚಿಕೊಳ್ಳುತ್ತಾರೋ ಯಾರಿಗೆ ಗೊತ್ತು ಎಂದುಕೊಂಡಳು. ನಗು ಆಮೇಲೆ ಬರಲಿಲ್ಲ. ಇಷ್ಟು ವರ್ಷ ತಾನು ಮುಖ ತಿರುಗಿಸಿ ನಿಂತದ್ದನ್ನು ಗಂಡ ಮರ್ಯಾದೆ ಎಂದು ತಿಳಿದನೋ, ಬೇಡವೆಂದು ತಿಳಿದನೋ ಎಂಬ ಹೊಸ ಸಂಕಟ ಅವಳಿಗೆ ಅಂಟಿಕೊಂಡಿತು.

ಅದರ ಜೊತೆಗೆ ಲೋಕದ ರೀತಿಯನ್ನೂ ಬಿಡುವಂತಿರಲಿಲ್ಲ. ಕಾಮಣ್ಣ ಸತ್ತಿದ್ದಾನೆ, ಸುಂದರಾಳನ್ನು ಮಾತಾಡಿಸಿ ಬರದಿದ್ದರೆ ನಾಳೆ ಎದುರಿಗೆ ಸಿಕ್ಕಾಗ ಏನು ಹೇಳುವುದು? ಗಂಡನಿಗೆ ಹೇಳದೆ ಬಸ್ ಹತ್ತಿ ರಾಯಬಾಗಕ್ಕೆ ಹೋದಳು. ದುಃಖದ ಮನೆಗೆ ಹೋಗುವ ಹೆಂಗಸು ಓಣಿಯ ತಿರುವಿನಿಂದಲೇ ದನಿ ತೆಗೆಯಬೇಕು. ಗೌರಾಬಾಯಿ ತೆಗೆದಳು. “ಏ ನನ್ನ ತಮ್ಮಾ ಕಾಮಣ್ಣಾ, ಸುಂದರಾನ ಬಿಟ್ಟ ಎಲ್ಲಿ ಹ್ವಾದ್ಯೋ, ಬಾಗಲ ಬರಿದ ಮಾಡಿದ್ಯೋ” ಎಂದು ಹಾಡಿ ಹಾಡಿ ಅಳುತ್ತ, ಎದೆ ಬಡಿದುಕೊಳ್ಳುತ್ತ, ತೆರೆದ ಬಾಗಿಲಿನಿಂದ ಒಳಗೆ ನುಗ್ಗಿದಳು.

ಅಂಗಳದ ಬಿಸಿಲಿನಲ್ಲಿ ಮಣೆಯ ಮೇಲೆ ಕಾಮಣ್ಣ ಕುಳಿತಿದ್ದ. ಮೈಯೆಲ್ಲ ಎಣ್ಣೆ, ಸೊಂಟಕ್ಕೆ ಒಂದು ಲಂಗೋಟಿ. ಸುಂದರಾ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ತನ್ನ ಹೆಸರು ಹಿಡಿದು ಬಂದ ಅಳುವಿಗೆ ಬೆದರಿ ಸತ್ತವನು ಎದ್ದು ಓಡಿದ. ಎಣ್ಣೆಗಾಲು ಜಾರಿ, ತೊಲೆಗಂಬ ತಬ್ಬಿಕೊಂಡು ಅದರ ಹಿಂದೆಯೇ ನಿಂತ. ಕಂಬ ಸಣ್ಣದು, ಕಾಮಣ್ಣ ದಪ್ಪ.

“ನಿಂದ್ರಕ್ಕಾ, ನಿಂದ್ರು!” ಎಂದು ಸುಂದರಾ ನಗುತ್ತ ಕೂಗಿದಳು. “ಬತ್ತಲಿ ಅದಾರ ಅವರು! ಸೊಂಟಾ ಹಿಡದೈತಿ ಅಂತ ಅರಬಿ ಕಳಸಿ ಎಣ್ಣಿ ತಿಕ್ಕಾಕತ್ತಿದ್ದೆ. ಏ, ಒಳಗ ಹೋಗ್ರಿ, ಹಿಂದಿಂದೆಲ್ಲಾ ಕಾಣತೈತಿ!”

ಗೌರಾಬಾಯಿಯ ಬಾಯಿಯಲ್ಲಿ ಅಳು ಅರ್ಧಕ್ಕೇ ನಿಂತಿತು. ಯಾರೋ ಬೇರೆ ಕಾಮಣ್ಣನ ಸುದ್ದಿ ಬಂದು ಗೊಂದಲವಾಯಿತು ಎಂದು ಹೇಗೋ ತೇಪೆ ಹಾಕಿದಳು. ಕಾಮಣ್ಣ ಅಂಗಿ ತೊಟ್ಟು ಹೊರಗೆ ಬಂದು ಸಿಟ್ಟಾಗುವ ಬದಲು ಖುಷಿಪಟ್ಟ. ಸತ್ತ ಎಂದು ಸುಳ್ಳು ಸುದ್ದಿ ಹುಟ್ಟಿದರೆ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. “ಬಾಳ ಚಲೋ ಆತು ನೋಡಕ್ಕಾ” ಎಂದು ಚಹಾ ತರಿಸಿದ. ಚಹಾ ಕುಡಿಯುತ್ತ, “ರಾವಸಾಹೇಬ ಹೆಂಗದಾನ? ಮುಖಾ ನೋಡಿ ಎಷ್ಟ ದಿನಾ ಆತು” ಎಂದು ವಿಚಾರಿಸಿದ.

ಗೌರಾಬಾಯಿಗೆ ಆ ಚಹಾ ಇಳಿಯಲಿಲ್ಲ. ಕಾಮಣ್ಣ ಸತ್ತಿಲ್ಲ. ಹಾಗಾದರೆ ಜತ್ತದವನೂ ಸತ್ತಿಲ್ಲ, ಸಾಂಗ್ಲಿಯವನೂ ಸತ್ತಿಲ್ಲ. ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ನಿಂತಿದ್ದವು, ಬಸ್ಸು ತೆವಳುತ್ತ ಹೋಯಿತು. ಗೌರಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಈ ಸಲ ಖರೆಖರೆ ಅತ್ತಳು. ಗಂಡನಿಗಾಗಿ ಅತ್ತಳೋ ತನಗಾಗಿ ಅತ್ತಳೋ ಅವಳಿಗೂ ತಿಳಿಯಲಿಲ್ಲ. ನಡುನಡುವೆ ಸುಂದರಾಳ ಎಣ್ಣೆಗೈ ನೆನಪಾಗಿ ಇನ್ನಷ್ಟು ಅಳು ಬರುತ್ತಿತ್ತು. ಆ ದಪ್ಪ ಕಾಮಣ್ಣನ ಬೆನ್ನಿನ ಮೇಲೆ ಹೆಂಡತಿಯ ಕೈ ಎಷ್ಟು ಸಲೀಸಾಗಿ ಓಡಾಡುತ್ತಿತ್ತು! ತನ್ನ ಗಂಡನ ಬೆನ್ನು ಹೇಗಿದೆ ಎಂದು ನೆನಪಿಸಿಕೊಳ್ಳಲು ನೋಡಿದಳು. ಬರೀ ಬಿಳಿ ಅಂಗಿ ಕಣ್ಣಿಗೆ ಬಂತು.

ಮನೆಗೆ ಬಂದು ಬಾಯಿ ಬಿಡಲಿಲ್ಲ. ಇನ್ನೊಬ್ಬರು ಸಾಯಲಿ ಎಂದು ಕಾದಳು.

ಆಪರೇಷನ್ನಿನ ಹಿಂದಿನ ದಿನ ರಾವಸಾಹೇಬ ಮತ್ತೆ ಮೀರಜಕ್ಕೆ ಹೋದ. ಹೆಂಡತಿಗೆ ಮೈ ಚೆನ್ನಾಗಿಲ್ಲ, ನಾನೊಬ್ಬನೇ ಬಂದರೆ ನಡೆಯುತ್ತದೆಯೇ ಎಂದು ಡಾಕ್ಟರನ್ನು ಕೇಳಿಕೊಂಡ. ಅವರು ಗಾಯ ನೋಡಿ, ಇಷ್ಟು ದಿನವಾದರೂ ಒಣಗದ್ದಕ್ಕೆ ಬೈದು ಹೊಸ ಪಟ್ಟಿ ಹಾಕಿದರು. ನಾಳೆ ಇಬ್ಬರೂ ಬನ್ನಿ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ರಾವಸಾಹೇಬ ಬಸ್ಸಿನಲ್ಲಿ ಕುಳಿತು ಇಂದು ನಿಜ ಹೇಳಿಯೇ ಬಿಡುತ್ತೇನೆ ಎಂದು ಮಲ್ಲಯ್ಯನ ಆಣೆ ಹಾಕಿಕೊಂಡ. ಮನೆಯ ಮುಂದೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿದೊಡನೆ ಬಾಯಿ ತಾನಾಗಿ ಹಳೆಯ ದಾರಿ ಹಿಡಿಯಿತು.

“ಅಥಣಿ ನಬಿಸಾಬ ಹ್ವಾದ. ದ್ರಾಕ್ಷಿ ಪೆಟಗಿ ಮಾಡ್ತಿದ್ದನಲ್ಲ, ಅಂವ.”

“ಪಾಪ” ಎಂದಳು ಗೌರಾಬಾಯಿ. “ಬರ್ರಿ ಹಿತ್ತಲಕ್ಕ. ನೀರ ಕಾಸಿಟ್ಟೇನಿ.”

ಮಧ್ಯಾಹ್ನದ ಬಿಸಿಲು ನೆಟ್ಟಗೆ ಹಿತ್ತಲಿಗೆ ಬಿದ್ದಿತ್ತು. ಬಕೆಟ್ಟಿನ ಪಕ್ಕ ಗೌರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಗೋಡೆಯ ಕಡೆಗಲ್ಲ, ಗಂಡನ ಕಡೆಗೆ.

“ಕಳೀರಿ” ಎಂದಳು.

ರಾವಸಾಹೇಬನಿಗೆ ತಾನು ಕೇಳಿದ್ದು ಯಾರ ದನಿ ಎಂದು ಒಂದು ಕ್ಷಣ ಅನುಮಾನವಾಯಿತು. ಟೋಪಿ ತೆಗೆದ. ಅಂಗಿ ತೆಗೆದ. ಧೋತರ ಬಿಟ್ಟು ಚಡ್ಡಿಯ ಮೇಲೆ ನಿಂತ.

“ಬನೀನ?”

“ಇರಲಿ ಬಿಡು. ನೀರ ಬಿದ್ರ ಅದೂ ಶುದ್ಧ ಆತು.”

“ಎಲ್ಲಾ ಕಳೀರಿ. ಸತ್ತವರ ಮನಿ ಅರಬಿ ಅದು.”

“ಮುಖಾ ತಿರಗಸ ಅಂದ್ರ.”

“ತಿರಗಸಂಗಿಲ್ಲ” ಎಂದಳು ಗೌರಾಬಾಯಿ. ಅವಳ ದನಿ ನಡುಗುತ್ತಿತ್ತು, ಆದರೆ ಕಣ್ಣು ಅಲುಗಲಿಲ್ಲ. “ನಾ ರಾಯಬಾಗಕ್ಕ ಹೋಗಿದ್ದೆ. ಕಾಮಣ್ಣ ಬಿಸಲಾಗ ಕುಂತ ಎಣ್ಣಿ ಹಚ್ಚಿಸಿಕೊಳ್ಳಾಕತ್ತಿದ್ದ. ಆಕೀದು ಏನೇನ ಗುರುತ ಐತಿ ನಿಮ್ಮ ಮೈಮ್ಯಾಲ, ಇವತ್ತ ನೋಡೂದ ನಾನು. ನನಗೂ ಗೊತ್ತಾಗಲಿ.”

ಆಕೆ ಯಾರು ಎಂದು ರಾವಸಾಹೇಬನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ ನಗು ಬರಬೇಕಿತ್ತು, ಬರಲಿಲ್ಲ. ಎರಡೂ ಕೈಯಿಂದ ಬನೀನಿನ ಅಂಚು ಹಿಡಿದು ಮೇಲಕ್ಕೆಳೆದ. ಎಡಗಡೆ ಗಾಯ ಮತ್ತೆ ಒಸರಿ ಅದು ಹೊಸ ಪಟ್ಟಿಗೆ ಅಂಟಿಕೊಂಡಿತ್ತು. “ಹಾ” ಎಂದು ಮುಖ ಕಿವುಚಿ ನಿಂತ.

ಗೌರಾಬಾಯಿ ಮುಂದೆ ಬಂದಳು. ಬಿಸಿನೀರಿನಲ್ಲಿ ಸೆರಗಿನ ತುದಿ ಅದ್ದಿ, ಅಂಟಿಕೊಂಡ ಕಡೆ ಹಿಂಡಿ ಹಿಂಡಿ ನೆನೆಸಿ, ಬನೀನು ಮೆಲ್ಲಗೆ ಬಿಡಿಸಿದಳು. ಅದರೊಂದಿಗೆ ಸಡಿಲಾದ ಪಟ್ಟಿಯೂ ಬಂತು. ಒಳಗಿನದನ್ನು ನೋಡಿದಳು. ಹೆಂಗಸಿನ ಉಗುರಿನ ಗುರುತು ಹೀಗಿರುವುದಿಲ್ಲ ಎಂದು ಅವಳಿಗೂ ತಿಳಿಯಿತು.

“ಖರೇ ಹೇಳ್ರಿ” ಎಂದಳು. “ಯಾರ ಸತ್ತಾರ?”

“ಇನ್ನೂ ಯಾರೂ ಇಲ್ಲ” ಎಂದ ರಾವಸಾಹೇಬ.

ಆಮೇಲೆ ಎಲ್ಲ ಹೇಳಿದ. ಬೆಂಚು, ಮುದುಕಿ, ಡಾಕ್ಟರು, ನಾಳೆಯ ದಿನ. “ಹೆಣ್ಣಮಕ್ಕಳ ಬ್ಯಾನಿ ಬಂದೈತಿ ನನಗ. ಹೆಂಗ ಹೇಳ್ಲಿ ನಿನಗ? ಯಾವ ಮಾತಿಲೆ ಹೇಳ್ಲಿ?” ಎನ್ನುವಾಗ ಅವನ ಮೀಸೆ ಅದುರಿತು. ಬೇರೆ ಹೆಂಗಸಿಲ್ಲ ಎಂದು ತಿಳಿದು ಗೌರಾಬಾಯಿಗೆ ಒಂದು ಉಸಿರಿನಷ್ಟು ಹೊತ್ತು ಸಂತೋಷವಾಯಿತು. ಎಂಥ ರೋಗಕ್ಕೆ ಸಂತೋಷಪಟ್ಟೆ ಎಂದು ಹೊಳೆದೊಡನೆ ತನ್ನ ಮೇಲೆಯೇ ಅಸಹ್ಯವಾಗಿ, ತಂಬಿಗೆಯನ್ನು ಗೋಡೆಗೆ ಬೀಸಿ ಒಗೆದಳು.

“ಸಾಯಾಕ ತಯಾರಿದ್ರಿ, ಬನೀನ ಕಳ್ಯಾಕ ಇರಲಿಲ್ಲ! ನಿಮ್ಮ ಮರ್ಯಾದಿಗೆ ಬೆಂಕಿ ಹಚ್ಚಾ! ನಿಮ್ಮದಕ್ಕೂ ಹಚ್ಚಾ, ನಂದಕ್ಕೂ ಹಚ್ಚಾ!” ಎಂದು ಕೂಗಿ ಒಗೆಯುವ ಕಲ್ಲಿನ ಮೇಲೆ ಕುಸಿದು ಅತ್ತಳು.

ತಂಬಿಗೆಯ ಸಪ್ಪಳಕ್ಕೆ ಗೋಡೆಯ ಮೇಲೆ ರುಕ್ಮವ್ವನ ತಲೆ ಎದ್ದಿತು. ಅಳು ಕೇಳಿ ಅವಳ ಕಣ್ಣು ಅರಳಿದ್ದವು. “ಯಾರ ಮಣ್ಣಾತಬೇ ಇವತ್ತ?”

ರಾವಸಾಹೇಬ ಕೈಯಿಂದ ಎದೆ ಮುಚ್ಚಿಕೊಂಡು ಬಕೆಟ್ಟಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತ. ಗೌರಾಬಾಯಿ ಎದ್ದು ನಿಂತು ಕಣ್ಣು ಒರೆಸಿಕೊಂಡಳು.

“ಯಾರದೂ ಆಗಿಲ್ಲ, ಆಗಂಗೂ ಇಲ್ಲ” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. “ನಮ್ಮವರು ಬತ್ತಲಿ ಅದಾರ. ನೀ ಕೆಳಗ ಇಳಿ.”

ಚಡ್ಡಿ ಇತ್ತು. ಆದರೆ ಆ ಹೊತ್ತಿನಲ್ಲಿ ಗೌರಾಬಾಯಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ರುಕ್ಮವ್ವನ ತಲೆ ಗೋಡೆಯಾಚೆ ಇಳಿದ ರಭಸಕ್ಕೆ ಎರಡು ಇಟ್ಟಿಗೆ ಉದುರಿದವು.

ಗೌರಾಬಾಯಿ ಗಂಡನನ್ನು ರಟ್ಟೆ ಹಿಡಿದು ಎಬ್ಬಿಸಿ ಬಿಸಿಲಿಗೆ ನಿಲ್ಲಿಸಿದಳು. ಗಾಯಕ್ಕೆ ನೀರು ತಾಕದಂತೆ ಬೆನ್ನು ಒರೆಸಿದಳು, ಭುಜ ಒರೆಸಿದಳು. ಕುತ್ತಿಗೆಯ ಕೆಳಗೆ ಬಿಸಿಲು ಕಾಣದ ಚರ್ಮ ಬೆಳ್ಳಗೆ, ಹುಡುಗರ ಮೈಯಂತೆ ಮೆತ್ತಗಿತ್ತು. ಎಡಗಡೆ ಗಂಟಿನಿಂದ ನಾಲ್ಕು ಬೆರಳು ಕೆಳಗೆ, ಪಕ್ಕೆಲುಬಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ಅದೂ ರೋಗವೇ ಎಂದು ಹೆದರಿ ಬೆರಳಿಟ್ಟಳು.

“ಈ ಮಚ್ಚಿ ಯಾವಾಗ ಆತ್ರಿ?”

“ಹುಟ್ಟಿದಾಗಿಂದ ಐತಿ” ಎಂದ ರಾವಸಾಹೇಬ.

ಗೌರಾಬಾಯಿ ಬೆರಳು ತೆಗೆಯಲಿಲ್ಲ.

“ನಾಳೆ ಇದನ್ನೂ ಕೊಯ್ತಾರೇನು?”

“ಆ ಕಡೇದೆಲ್ಲಾ ತಗೀತಾರಂತ.”

ಒಣ ಅಂಗಿ ಅವಳ ಹೆಗಲ ಮೇಲೆಯೇ ಇತ್ತು. ರಾವಸಾಹೇಬ ಅದಕ್ಕೆ ಕೈ ಚಾಚಿದ. ಗೌರಾಬಾಯಿ ಕೊಡಲಿಲ್ಲ.

“ತಡೀರಿ” ಎಂದಳು. “ಇನ್ನೊಂಚೂರ ನೋಡ್ತೇನಿ.”